‘ಆಗಬಹುದು’ ಎಂಬುದಕ್ಕೂ ಅಳತೆ ಬೇಕು

ಹವಾಮಾನದ ಮುನ್ಸೂಚನೆಗಳಲ್ಲಿ ‘ಲೈಕ್ಲಿ’ ಎಂಬ ಇಂಗ್ಲಿಷ್ ಶಬ್ದವೊಂದು ದಿನವೂ ಕಾಣಬರುತ್ತದೆ. ಕನ್ನಡ ಪತ್ರಿಕೆಗಳು ಅದನ್ನು ‘ಆಗಬಹುದು’ ಎಂದೋ ‘ಸಾಧ್ಯತೆಯಿದೆ’ ಎಂದೋ ಭಾಷಾಂತರಿಸುತ್ತವೆ. ನೂರಕ್ಕೆ ಎಷ್ಟು ಪಾಲು ಸಾಧ್ಯತೆ ಎಂದು ಕೇಳುವವರು ವಿರಳ. ಆದರೆ ಈ ಪ್ರಶ್ನೆಗೆ ಲಿಖಿತವಾದ ಉತ್ತರವುಂಟು. ಒಂದಲ್ಲ, ಮೂರು ಉತ್ತರಗಳುಂಟು. ಭಾರತ ಹವಾಮಾನ ಇಲಾಖೆಯು ತನ್ನ ಪ್ರಕಟಣೆಗಳೊಡನೆ ಕೊಡುವ ವಿವರಣೆಯಂತೆ ‘ಲೈಕ್ಲಿ’ ಎಂದರೆ ನೂರಕ್ಕೆ 25ರಿಂದ 50. ಅಲ್ಲಿಂದ 75ರವರೆಗೆ ‘ವೆರಿ ಲೈಕ್ಲಿ’. 75ನ್ನು ಮೀರಿದರೆ ‘ಮೋಸ್ಟ್ ಲೈಕ್ಲಿ’. ವಿಪತ್ತಿನ ಎಚ್ಚರಿಕೆಗಳನ್ನು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ರವಾನಿಸುವ ಸಲುವಾಗಿ 2004ರಲ್ಲಿ ರೂಪುಗೊಂಡು, ಈಗ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ‘ಕಾಮನ್ ಅಲರ್ಟಿಂಗ್ ಪ್ರೋಟೊಕಾಲ್’ ಎಂಬ ಒಡಂಬಡಿಕೆಯಲ್ಲಿ ಅದೇ ಶಬ್ದಕ್ಕೆ ‘ನೂರಕ್ಕೆ ಸುಮಾರು 50ಕ್ಕಿಂತ ಹೆಚ್ಚು’ ಎಂದರ್ಥ. ಹವಾಗುಣ ಬದಲಾವಣೆಯನ್ನು ಕುರಿತ ಅಂತರರಾಷ್ಟ್ರೀಯ ಸಮಿತಿಯ ವರದಿಗಳಲ್ಲಾದರೋ ಅದು 66ರಿಂದ 100.

ಎಂದ ಮೇಲೆ, ಒಂದು ಕಡೆ ‘ಅರ್ಧಕ್ಕಿಂತ ಕಡಮೆ’ ಎಂದು ಬರೆದ ಶಬ್ದವನ್ನು ಇನ್ನೊಂದು ಕಡೆ ‘ಅರ್ಧಕ್ಕಿಂತ ಹೆಚ್ಚು’ ಎಂದು ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮನುಷ್ಯರ ನಡುವೆ ಈ ಸಡಿಲು ಅಷ್ಟಾಗಿ ಬಾಧಿಸದು. ಮಲ್ಪೆಯ ಮೀನುಗಾರನು ಮುನ್ಸೂಚನೆಯನ್ನು ಕೇಳುತ್ತಾನೆ. ಕಡಲಿನ ಬಣ್ಣವನ್ನು ನೋಡುತ್ತಾನೆ. ಅನುಭವಸ್ಥರೊಡನೆ ಎರಡು ಮಾತನಾಡುತ್ತಾನೆ. ಆಮೇಲೆ ತನ್ನ ತೀರ್ಮಾನಕ್ಕೆ ಬರುತ್ತಾನೆ. ಗಣಕಯಂತ್ರಕ್ಕೆ ಇಂಥ ವಿವೇಚನೆಯಿಲ್ಲ. ಅದು ಶಬ್ದವನ್ನು ಹಾಗೆಯೇ ನುಂಗಿ ಹಾಗೆಯೇ ನಡೆದುಕೊಳ್ಳುತ್ತದೆ. ಮುಂದಿನ ದಿನಗಳಲ್ಲಿ ನಮ್ಮ ಜಿಲ್ಲೆಗಳ ತುರ್ತು ಕಾರ್ಯಗಳ ಯೋಜನೆಯು ಹೆಚ್ಚುಹೆಚ್ಚಾಗಿ ಯಂತ್ರಗಳ ಪಾಲಿಗೆ ಬರಲಿರುವುದರಿಂದ, ಅವು ಒಂದರೊಡನೊಂದು ಮಾತನಾಡುವ ಭಾಷೆಯ ವಿಚಾರವನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಉಡುಪಿ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ಶಬ್ದಗಳ ಈ ಸಡಿಲು ವಿದ್ಯಾವಂತರನ್ನೂ ಬಿಟ್ಟಿಲ್ಲ. 1951ರಲ್ಲಿ ಅಮೆರಿಕದ ಗೂಢಚಾರ ಇಲಾಖೆಯು ಯುಗೊಸ್ಲಾವಿಯದ ಮೇಲೆ ಆಕ್ರಮಣವಾಗುವ ‘ಗಂಭೀರ ಸಾಧ್ಯತೆ’ ಇದೆಯೆಂದು ವರದಿ ಮಾಡಿತು. ಅದನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖನಾದ ಶರ್ಮನ್ ಕೆಂಟನನ್ನು ಅಧಿಕಾರಿಯೊಬ್ಬನು, ಹಾಗೆಂದರೆ ಎಷ್ಟು ಎಂದು ಕೇಳಿದಾಗ, ಆತನು ನೂರಕ್ಕೆ 65 ಎಂದನು. ಕೇಳಿದವನು ಬೆಚ್ಚಿದನು, ಅವನು ಬಹಳ ಕಡಮೆಯೆಂದು ಭಾವಿಸಿದ್ದನು. ಕೆಂಟನು ಹಿಂದಿರುಗಿ, ವರದಿಗೆ ಒಮ್ಮತದಿಂದ ಒಪ್ಪಿಗೆ ಕೊಟ್ಟಿದ್ದ ತನ್ನ ಸಹೋದ್ಯೋಗಿಗಳನ್ನೇ ವಿಚಾರಿಸಲಾಗಿ, ಒಬ್ಬನ ಮನಸ್ಸಿನಲ್ಲಿ ನೂರಕ್ಕೆ 20, ಇನ್ನೊಬ್ಬನ ಮನಸ್ಸಿನಲ್ಲಿ ನೂರಕ್ಕೆ 80 ಇತ್ತೆಂದು ತಿಳಿದುಬಂತು. ಎಲ್ಲರೂ ಒಪ್ಪಿದ್ದು ಶಬ್ದವನ್ನು ಮಾತ್ರ. 1964ರಲ್ಲಿ ಆತನು ಈ ಪ್ರಸಂಗವನ್ನು ಲೇಖನವಾಗಿಯೇ ಬರೆದನು.

ಯೋಜಕ ಯಂತ್ರವೆಂದರೇನೆಂಬುದನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸಬೇಕು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ‘ಶೇಕಿ’ ಎಂಬ ಯಂತ್ರಮಾನವನನ್ನು ನಿರ್ಮಿಸಿದರು. ನಡೆದಾಗ ನಡುಗುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗಿ ಪೆಟ್ಟಿಗೆಯೊಂದನ್ನು ತಳ್ಳಬೇಕಾದರೆ ಯಾವ ಕೆಲಸದ ಅನಂತರ ಯಾವುದನ್ನು ಮಾಡಬೇಕೆಂದು ಅದು ತಾನೇ ನಿರ್ಣಯಿಸಬೇಕಾಗಿತ್ತು. ಇದಕ್ಕಾಗಿ ಫೈಕ್ಸ್ ಮತ್ತು ನಿಲ್ಸನ್ ಎಂಬವರು 1971ರಲ್ಲಿ ಪ್ರಕಟಿಸಿದ ‘ಸ್ಟ್ರಿಪ್ಸ್’ ಎಂಬ ವಿಧಾನವು ಬಹು ಸರಳವಾದದ್ದು. ಈಗ ಲೋಕವು ಯಾವ ಸ್ಥಿತಿಯಲ್ಲಿದೆ, ಯಾವ ಸ್ಥಿತಿಗೆ ಬರಬೇಕು, ಕೈಯಲ್ಲಿರುವ ಕ್ರಿಯೆಗಳಾವುವು ಎಂಬ ಮೂರನ್ನು ಯಂತ್ರಕ್ಕೆ ತಿಳಿಸುವುದು. ಪ್ರತಿಯೊಂದು ಕ್ರಿಯೆಗೂ ಅದು ನಡೆಯಲು ಮೊದಲು ಏನಿರಬೇಕು, ನಡೆದ ಮೇಲೆ ಏನಾಗುವುದು ಎಂದು ಬರೆದಿಡುವುದು. ಮಿಕ್ಕದ್ದು ಹುಡುಕಾಟ. ಅಡುಗೆಯವನು ಅಕ್ಕಿ ತೊಳೆಯುವ ಮೊದಲು ನೀರು ತರಬೇಕೆಂದು ಲೆಕ್ಕ ಹಾಕುವಂತೆಯೇ ಇದು. 1998ರಲ್ಲಿ ಇಂಥ ಯೋಜಕಗಳಿಗೆಲ್ಲ ಸಾಮಾನ್ಯವಾದ ಒಂದು ಭಾಷೆಯನ್ನೂ ರಚಿಸಿದರು. ಯಂತ್ರಗಳ ನಡುವೆ ಸ್ಪರ್ಧೆ ನಡೆಸುವುದಕ್ಕೆ ಅದು ಬೇಕಾಗಿತ್ತು. ಆಕಾಶದ ದೂರದರ್ಶಕಗಳ ವೇಳಾಪಟ್ಟಿಯಿಂದ ಹಿಡಿದು ಸರಕು ಸಾಗಣೆಯವರೆಗೆ ಈಗ ಯೋಜಕ ಯಂತ್ರಗಳಿಗೆ ಉದ್ಯೋಗವುಂಟು.

ಒಂದೇ ಯಂತ್ರವಿದ್ದಾಗ ತೊಂದರೆಯಿಲ್ಲ. ಎರಡು ಸೇರಿದಾಗ, ಅದೂ ಬೇರೆ ಬೇರೆ ಕೈಗಳಿಂದ ರಚಿತವಾದವು ಸೇರಿದಾಗ, ಕಷ್ಟಗಳು ಹುಟ್ಟುತ್ತವೆ. 1999ರ ಸೆಪ್ಟೆಂಬರಿನಲ್ಲಿ ಮಂಗಳಗ್ರಹವನ್ನು ಸೇರಬೇಕಾಗಿದ್ದ ಅಮೆರಿಕದ ನೌಕೆಯೊಂದು ನಾಶವಾದ ಕಥೆಯನ್ನು ಓದುಗರು ಬಲ್ಲರು. ಒಂದು ಗುಂಪಿನ ತಂತ್ರಾಂಶವು ಬ್ರಿಟಿಷ್ ಪದ್ಧತಿಯ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಗುಂಪಿನ ತಂತ್ರಾಂಶವು ಮೆಟ್ರಿಕ್ ಪದ್ಧತಿಯ ನ್ಯೂಟನ್ನಿನ ಲೆಕ್ಕವೆಂದು ತಿಳಿಯಿತು. ಆದರೂ ಇದು ಸುಲಭದ ಜಾತಿಯ ತೊಡಕೆಂದೇ ಹೇಳಬೇಕು. ಪೌಂಡಿಗೂ ನ್ಯೂಟನ್ನಿಗೂ ನಿಶ್ಚಿತವಾದ ಪ್ರಮಾಣವಿದೆ; ಗುಣಿಸಿದರೆ ಮುಗಿಯಿತು. ‘ಆಗಬಹುದು’ ಎಂಬುದನ್ನು ಯಾವುದರಿಂದ ಗುಣಿಸುವುದು?

ಇಂಥ ತೊಡಕುಗಳಿಗೆ ಗಣಕವಿಜ್ಞಾನಿಗಳು ಕಂಡುಕೊಂಡ ಮೊದಲ ಪರಿಹಾರಕ್ಕೆ ‘ಆಂಟಾಲಜಿ’ ಎಂದು ಹೆಸರು. ಒಂದು ಕಾರ್ಯಕ್ಷೇತ್ರದಲ್ಲಿ ಏನೇನು ವಸ್ತುಗಳಿವೆ, ಅವುಗಳ ಜಾತಿ ಉಪಜಾತಿಗಳೇನು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇನು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟ ವ್ಯವಸ್ಥೆಯದು. ಟಾಮ್ ಗ್ರೂಬರ್ ಎಂಬವರು 1993ರಲ್ಲಿ ಅದಕ್ಕೆ ಲಕ್ಷಣ ಹೇಳಿದರು. 2004ರಲ್ಲಿ ಅದನ್ನು ಬರೆಯುವುದಕ್ಕೆಂದೇ ‘ಔಲ್’ ಎಂಬ ಭಾಷೆಯೂ ಪ್ರಮಾಣಿತವಾಯಿತು. ಗೂಬೆಯ ಹೆಸರನ್ನು ಇದಕ್ಕೇಕೆ ಇಟ್ಟರೆಂದು ಕೇಳಿ ಪ್ರಯೋಜನವಿಲ್ಲ. ಕನ್ನಡದಲ್ಲಿ ನಾವು ಇದನ್ನು ‘ಪದಾರ್ಥಕೋಶ’ ಎಂದು ಕರೆಯೋಣ. ವೈಶೇಷಿಕರು ಲೋಕವನ್ನು ದ್ರವ್ಯ, ಗುಣ, ಕರ್ಮ ಮುಂತಾದ ಪದಾರ್ಥಗಳಾಗಿ ವಿಂಗಡಿಸಿದರು; ಉಡುಪಿಯ ಮಾಧ್ವ ಪರಂಪರೆಯವರು ಹತ್ತು ಪದಾರ್ಥಗಳನ್ನು ಎಣಿಸಿದರು. ಆದುದರಿಂದ ಈ ವಿಚಾರವು ಅಷ್ಟಮಠಗಳ ಊರಿಗೆ ಹೊಸದೇನಲ್ಲ. ಕರಾವಳಿಯ ಮನೆಗಳಲ್ಲಿ ಮಾತ್ರ ‘ಪದಾರ್ಥ’ವೆಂದರೆ ಅನ್ನದೊಡನೆ ಬಡಿಸುವ ಪಲ್ಯವೋ ಸಾರೋ ಆಗಿರುತ್ತದೆ. ‘ಇವತ್ತು ಪದಾರ್ಥ ಏನು?’ ಎಂಬ ಪ್ರಶ್ನೆಗೆ ಮೈಸೂರಿನ ತರ್ಕಪಂಡಿತರು ಏನು ಉತ್ತರ ಕೊಟ್ಟಾರು? ಪದಾರ್ಥಕೋಶವು ಯಾಕೆ ಬೇಕೆಂಬುದಕ್ಕೆ ಅದರ ಹೆಸರೇ ದೃಷ್ಟಾಂತ.

ಉಡುಪಿ ಜಿಲ್ಲೆಗೆ ಇಂಥದೊಂದು ಕೋಶವನ್ನು ಬರೆಯಲು ಕುಳಿತರೆ ಮೊದಲ ಶಬ್ದದಲ್ಲಿಯೇ ಲೇಖನಿ ನಿಲ್ಲುತ್ತದೆ. ‘ಉಡುಪಿ’ ಎಂದರೆ ಯಾವುದು? ಅದು ನಗರ, ತಾಲ್ಲೂಕು, ಮತ್ತು 1997ರ ಆಗಸ್ಟ್ 25ರಿಂದ ಒಂದು ಜಿಲ್ಲೆಯೂ ಹೌದು. ಅದಕ್ಕೆ ಮುಂಚೆ ಆ ಹೆಸರಿನ ಜಿಲ್ಲೆಯೇ ಇರಲಿಲ್ಲ, ಎಲ್ಲವೂ ದಕ್ಷಿಣ ಕನ್ನಡವೇ. ಕಾಪು ಈಚಿನವರೆಗೆ ಉಡುಪಿ ತಾಲ್ಲೂಕಿನೊಳಗಿತ್ತು. ಈಗ ತಾನೇ ಒಂದು ತಾಲ್ಲೂಕು. 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭವನ್ನು ಹಳೆಯ ಇಂಗ್ಲಿಷ್ ದಾಖಲೆಗಳು ‘ಕೌಪ್’ ಎಂಬ ಕಾಗುಣಿತದಲ್ಲಿ ಬರೆಯುತ್ತವೆ. ಯಂತ್ರವು ಕೌಪನ್ನೂ ಕಾಪುವನ್ನೂ ಎರಡು ಊರುಗಳೆಂದು ತಿಳಿದರೆ ಅದನ್ನು ದೂರುವಂತಿಲ್ಲ. ದೋಣಿಯ ವಿಚಾರವು ಇದಕ್ಕಿಂತ ಗಂಭೀರವಾದದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳಿಗೆ ಈ ನಿಷೇಧವಿಲ್ಲ. ಬೋಟು, ದೋಣಿ ಎಂಬ ಭೇದವನ್ನರಿಯದ ಯೋಜಕ ಯಂತ್ರವೊಂದು ‘ಜುಲೈಯಲ್ಲಿ ಕಡಲಿನಲ್ಲಿ ಯಾರೂ ಇರುವುದಿಲ್ಲ’ ಎಂದು ನಿರ್ಣಯಿಸಿ ಎಚ್ಚರಿಕೆಯ ಕೆಲಸವನ್ನೇ ಪಟ್ಟಿಯಿಂದ ಕೈಬಿಟ್ಟೀತು. ಜುಲೈ ತಿಂಗಳ ಕಡಲು ಹೇಗಿರುತ್ತದೆಂದು ಕಾಪುವಿನ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ.

ಇವೆಲ್ಲ ಸಾಮಾನ್ಯ ಪದಾರ್ಥಕೋಶದಿಂದ ಬಗೆಹರಿಯತಕ್ಕ ಕಷ್ಟಗಳು. ನಾಡದೋಣಿಯು ದೋಣಿಗಳ ಒಂದು ಜಾತಿ, ಅದಕ್ಕೆ ನಿಷೇಧ ಅನ್ವಯಿಸದು ಎಂದು ಒಮ್ಮೆ ಬರೆದಿಟ್ಟರಾಯಿತು. ಆದರೆ ಇಂಥ ಕೋಶಕ್ಕೆ ‘ಹೌದು’, ‘ಅಲ್ಲ’ ಎಂಬ ಎರಡೇ ಉತ್ತರಗಳು ಗೊತ್ತು. ಮಳೆ ಬರುವುದೋ ಇಲ್ಲವೋ ಎಂದು ಕೇಳಿದರೆ ಅದು ಮೌನ ತಾಳುತ್ತದೆ, ಇಲ್ಲವೆ ಯಾರೋ ಇಳಿಸಿಕೊಟ್ಟ ಶಬ್ದವೊಂದನ್ನು ಹಿಡಿದುಕೊಂಡು ಸತ್ಯವೆಂದು ಸಾಧಿಸುತ್ತದೆ.

ಮಳೆಯ ಪರಿಭಾಷೆ ಸಡಿಲವಾದದ್ದೆಂದು ಇದರಿಂದ ತಿಳಿಯಬಾರದು. ಹವಾಮಾನ ಇಲಾಖೆಯ ವರ್ಗೀಕರಣ ಕಟ್ಟುನಿಟ್ಟಾದದ್ದು: 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ‘ಭಾರಿ ಮಳೆ’, 115.6ರಿಂದ 204.4ರವರೆಗೆ ‘ಅತಿ ಭಾರಿ’, ಅದನ್ನು ಮೀರಿದರೆ ‘ಅತ್ಯಧಿಕ’. ಆದರೆ ಆ 24 ಗಂಟೆಗಳು ನಡುರಾತ್ರಿಗೆ ಆರಂಭವಾಗುವುದಿಲ್ಲ; ಬೆಳಗಿನ 8.30ರಿಂದ ಮರುದಿನ ಬೆಳಗಿನ 8.30ರವರೆಗೆ. ಶಾಲೆಗೆ ರಜೆ ಕೊಡುವ ದಿನವೇ ಬೇರೆ, ಮಳೆ ಅಳೆಯುವ ದಿನವೇ ಬೇರೆ. ಇನ್ನೊಂದು ಸ್ವಾರಸ್ಯವುಂಟು. ಮಳೆಯು ಎಷ್ಟು ಕಡೆ ಬರುವುದೆಂದು ಹೇಳಲು ಇಲಾಖೆಯು ಬಳಸುವ ‘ಕೆಲವೆಡೆ’, ‘ಅಲ್ಲಲ್ಲಿ’, ‘ಹಲವೆಡೆ’, ‘ಬಹುತೇಕ ಎಲ್ಲೆಡೆ’ ಎಂಬ ಅರ್ಥದ ಶಬ್ದಗಳಿಗೂ 25, 50, 75 ಎಂಬ ಗಡಿಗಳೇ ಇವೆ. ಆದರೆ ಅಲ್ಲಿ ಅವು ಮಳೆಯ ಕೇಂದ್ರಗಳ ಶೇಕಡಾವಾರು, ಸಾಧ್ಯತೆಯ ಶೇಕಡಾವಾರಲ್ಲ. ‘ಮೂವತ್ತು’ ಎಂಬ ಅಂಕಿಯೊಂದನ್ನು ಅದು ಯಾವುದರ ಮೂವತ್ತೆಂದು ಹೇಳದೆ ರವಾನಿಸಿದರೆ, ನೂರಕ್ಕೆ ಮೂವತ್ತು ಕಡೆ ಖಂಡಿತವಾಗಿ ಬರುವ ಮಳೆಯೂ, ಎಲ್ಲೆಡೆ ಬರುವ ಅಥವಾ ಎಲ್ಲಿಯೂ ಬಾರದಿರುವ ಮಳೆಯೂ ಒಂದೇ ಆಗಿಬಿಡುತ್ತವೆ. ಕಾರ್ಕಳದ ಗುಡ್ಡಗಳಲ್ಲಿ ಸುರಿದು ಕಾಪುವಿನ ಮರಳಿನಲ್ಲಿ ಸುರಿಯದಿರುವುದು ನಮ್ಮ ಮಳೆಗೆ ಹೊಸದೇ?

2020ರ ಸೆಪ್ಟೆಂಬರ್ 19ರ ರಾತ್ರಿಯಿಂದ 20ರ ಬೆಳಗಿನವರೆಗೆ ಸುರಿದ ಮಳೆಯನ್ನು ಉಡುಪಿಯ ಜನ ಮರೆತಿಲ್ಲ. ನಗರದ ಕಲ್ಸಂಕದ ಆಸುಪಾಸು ಜಲಮಯವಾಯಿತು. ಸ್ವರ್ಣೆ ಮುಂತಾದ ಹೊಳೆಗಳು ದಡ ಮೀರಿದವು. ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಕಾರ್ಕಳದ ಕಡೆ ಘಟ್ಟದ ಬುಡದಲ್ಲಿ ಹುಟ್ಟುವ ಸ್ವರ್ಣೆಯು, ಉಡುಪಿಗೆ ಕುಡಿಯುವ ನೀರನ್ನೊದಗಿಸುವ ಬಜೆ ಅಣೆಕಟ್ಟನ್ನು ದಾಟಿ, ಮಣಿಪಾಲದ ಗುಡ್ಡದ ಕೆಳಗೆ ಹರಿದು, ಕಲ್ಯಾಣಪುರದ ಮೇಲೆ ಹೋಗಿ, ಸೀತೆಯೊಡನೆ ಕೂಡಿ ಕೋಡಿಬೆಂಗ್ರೆಯಲ್ಲಿ ಕಡಲನ್ನು ಸೇರುತ್ತದೆ. ಬೆಟ್ಟದಲ್ಲಿ ಬಿದ್ದ ಮಳೆಗೂ ಬಯಲಿನಲ್ಲಿ ಏರುವ ನೀರಿಗೂ ಸಂಬಂಧವಿರುವುದು ನಿಶ್ಚಯ; ಆದರೆ ಆ ಸಂಬಂಧವು ಅಡಿಕೋಲಿನಂತೆ ನೇರವಾದದ್ದಲ್ಲ. ಉಬ್ಬರವಿದ್ದರೆ ನೀರು ಕಡಲಿಗೆ ಸರಾಗವಾಗಿ ಇಳಿಯದು. ಇಳಿತವಿದ್ದರೆ ಅಷ್ಟೇ ಮಳೆ ಸದ್ದಿಲ್ಲದೆ ಹರಿದುಹೋದೀತು.

ಇಂಥ ‘ಇದ್ದರೆ’, ‘ಆದೀತು’ಗಳನ್ನು ಅಂಕಿಗಳ ಸಹಿತ ಬರೆದಿಡುವುದಕ್ಕೆ ಸಂಭವನೀಯತೆಯುಳ್ಳ ಪದಾರ್ಥಕೋಶ ಬೇಕು. ಇದರ ಬೀಜ 1763ರಷ್ಟು ಹಳೆಯದು. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಮರಣಾನಂತರ ಆತನ ಮಿತ್ರರು ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹೊಸ ಸಾಕ್ಷ್ಯ ದೊರೆತಾಗ ಹಳೆಯ ನಂಬಿಕೆಯನ್ನು ಎಷ್ಟು ತಿದ್ದಿಕೊಳ್ಳಬೇಕೆಂಬ ಸೂತ್ರವಿತ್ತು. 1980ರ ದಶಕದಲ್ಲಿ ಜೂಡಿಯ ಪರ್ಲ್ ಎಂಬವರು ಅನೇಕ ಘಟನೆಗಳನ್ನು ಬಲೆಯಂತೆ ಜೋಡಿಸಿ, ಯಾವುದು ಯಾವುದನ್ನು ಅವಲಂಬಿಸಿದೆಯೆಂದು ತೋರಿಸಿ, ಈ ಸೂತ್ರವನ್ನು ಯಂತ್ರಕ್ಕೆ ಕಲಿಸುವ ಮಾರ್ಗವನ್ನು ಹಾಕಿದರು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾಥರಿನ್ ಲಾಸ್ಕಿ ಮತ್ತು ಪಾಲೊ ಕೋಸ್ಟ ಎಂಬವರು ಈ ಬಲೆಯನ್ನು ಪದಾರ್ಥಕೋಶದೊಡನೆ ಹೆಣೆದರು; ಕೋಸ್ಟ ಅವರ 2005ರ ಪ್ರಬಂಧವು ಇದಕ್ಕೆ ಮೂಲ. ಕೋಶದಲ್ಲಿ ವಸ್ತುಗಳ ಜಾತಿ ಸಂಬಂಧಗಳೊಡನೆ, ಆ ಸಂಬಂಧವು ಎಷ್ಟರ ಮಟ್ಟಿಗೆ ಖಚಿತ, ಯಾವ ಸನ್ನಿವೇಶದಲ್ಲಿ ಎಷ್ಟು ಎಂಬುದೂ ಸೇರಿತು.

ಸ್ವರ್ಣೆಯ ಮೇಲೆಯೇ ಒಂದು ಲೆಕ್ಕ ಮಾಡೋಣ. ಇದರ ಅಂಕಿಗಳು ಊಹೆಯವು; ಲೆಕ್ಕದ ರೀತಿ ಮಾತ್ರ ನಿಜವಾದದ್ದು. ನಾಳೆ ಕಾರ್ಕಳದ ಗುಡ್ಡಗಳಲ್ಲಿ ಅತಿ ಭಾರಿ ಮಳೆಯಾಗುವ ಸಂಭವನೀಯತೆ 0.4 ಎನ್ನೋಣ. ಅಂಥ ಮಳೆಯಾಗಿ ಉಬ್ಬರವೂ ಇದ್ದರೆ ಕಲ್ಯಾಣಪುರದ ತಗ್ಗಿನ ಗದ್ದೆಗಳಿಗೆ ನೀರು ನುಗ್ಗುವ ಸಂಭವನೀಯತೆ 0.6, ಉಬ್ಬರವಿಲ್ಲದಿದ್ದರೆ 0.3, ಮಳೆಯೇ ಆಗದಿದ್ದರೆ 0.02. ನೀರು ಬಂದು ಮುಟ್ಟುವ ಹೊತ್ತಿಗೆ ಉಬ್ಬರವಿರುವುದೋ ಇಲ್ಲವೋ ತಿಳಿಯದು, ಎರಡಕ್ಕೂ ಸಮಪಾಲು. ಆಗ ನೆರೆಯ ಸಂಭವನೀಯತೆಯು 0.4ನ್ನು 0.45ರಿಂದ ಗುಣಿಸಿ, ಅದಕ್ಕೆ 0.6 ಮತ್ತು 0.02ರ ಗುಣಲಬ್ಧವನ್ನು ಕೂಡಿದರೆ ಬರುವ 0.192. ಅಂದರೆ ನೂರಕ್ಕೆ 19. ಉಬ್ಬರದ ಪಟ್ಟಿಯನ್ನು ತೆರೆದು ನೋಡಲಾಗಿ ಆ ಹೊತ್ತಿಗೆ ಉಬ್ಬರವೇ ಎಂದು ತಿಳಿದರೆ ಅದು 25ಕ್ಕೆ ಏರುತ್ತದೆ. ಗುಡ್ಡದ ಮಳೆಮಾಪಕವು ಅತಿ ಭಾರಿ ಮಳೆ ಬಿದ್ದಾಯಿತೆಂದು ವರದಿ ಮಾಡಿದೊಡನೆ 60ಕ್ಕೆ ಜಿಗಿಯುತ್ತದೆ. ಯಾರೂ ಬಣ್ಣ ಬದಲಾಯಿಸಬೇಕಾಗಲಿಲ್ಲ, ದೂರವಾಣಿ ಮಾಡಬೇಕಾಗಲಿಲ್ಲ. ಹೊಸ ಸಂಗತಿಯೊಂದು ಒಂದು ಯಂತ್ರವನ್ನು ತಲಪಿತು. ಅದಕ್ಕೆ ಕೊಂಡಿಯಾಗಿರುವ ಎಲ್ಲ ಯೋಜಕಗಳಲ್ಲಿಯೂ ಅಂಕಿ ತಾನಾಗಿ ತಿದ್ದುಪಡಿಯಾಯಿತು.

ಈ ಅಂಕಿಯನ್ನು ಪಡೆದ ಯೋಜಕಗಳೆಲ್ಲವೂ ಒಂದೇ ರೀತಿ ನಡೆಯಬೇಕೆಂದೇನೂ ಇಲ್ಲ, ನಡೆಯಲೂ ಬಾರದು. ಒಂದು ದಿನ ಕಡಲಿಗೆ ಹೋಗದಿದ್ದರೆ ನಾಡದೋಣಿಯವನಿಗೆ ಒಂದು ಪಾಲು ನಷ್ಟ. ಹೋಗಿ ಗಾಳಿಗೆ ಸಿಕ್ಕಿದರೆ ಇಪ್ಪತ್ತು ಪಾಲು, ಪ್ರಾಣದ ಮಾತು ಹಾಗಿರಲಿ. ಅಂಥವನು ಸಂಭವನೀಯತೆ 0.05ನ್ನು ಮೀರಿದೊಡನೆ ದಡದಲ್ಲಿ ಉಳಿಯುವುದು ಲೇಸು. ಕಿಂಡಿ ಅಣೆಕಟ್ಟಿನ ಕತೆಯೇ ಬೇರೆ. ಮಳೆಗಾಲ ಮುಗಿಯುತ್ತ ಬಂದಂತೆ ಹೊಳೆಗಳ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ಸುತ್ತಲಿನ ಅಡಕೆ ತೋಟಗಳೂ ಬಾವಿಗಳೂ ಬೇಸಗೆಯಲ್ಲಿ ಅದನ್ನೇ ನೆಚ್ಚಿಕೊಂಡಿವೆ. ಆಮೇಲೆ ಹಿಂಗಾರಿನ ಒಂದು ದೊಡ್ಡ ಮಳೆ ಬರುವ ಸೂಚನೆ ಬಂತೆನ್ನಿ. ಹಲಗೆ ತೆಗೆದರೆ ನಿಂತ ನೀರು ಹೋಯಿತು. ತೆಗೆಯದಿದ್ದರೆ ಗದ್ದೆ ಮುಳುಗೀತು. ಮೊದಲನೆಯದು ಆರು ಪಾಲು ನಷ್ಟ, ಎರಡನೆಯದು ಹತ್ತು ಪಾಲು ಎನ್ನುವುದಾದರೆ, ಸಂಭವನೀಯತೆ 0.6ನ್ನು ಮೀರುವವರೆಗೆ ಹಲಗೆ ಮುಟ್ಟಬಾರದು. ಈಗ ಮೊದಲಿನ ಶಬ್ದಕ್ಕೆ ಬನ್ನಿ. 0.4 ಎಂಬುದು ಒಂದು ಇಲಾಖೆಯಲ್ಲಿ ‘ಲೈಕ್ಲಿ’ ಆಯಿತು. ಇನ್ನೊಂದು ಯಂತ್ರದಲ್ಲಿ ಆ ಶಬ್ದವು ‘50ಕ್ಕಿಂತ ಹೆಚ್ಚು’ ಆಯಿತು. ಮೂರನೆಯದು 50ಕ್ಕೂ 100ಕ್ಕೂ ನಡುವಣ 0.75ನ್ನು ಹಿಡಿಯಿತು. ನಾಡದೋಣಿಯವನಿಗೆ ಇದರಿಂದ ಬಾಧಕವಿಲ್ಲ. ಅವನು ಹೇಗೂ ದಡದಲ್ಲಿದ್ದಾನೆ. ಹಲಗೆಗಳು ಮಾತ್ರ ಮೇಲೆದ್ದವು. 2019ರ ಮೇ ತಿಂಗಳಿನಲ್ಲಿ ಬಜೆಯ ನೀರು ಬತ್ತಿ ಉಡುಪಿ ಮಣಿಪಾಲಗಳ ಜನ ಟ್ಯಾಂಕರುಗಳ ದಾರಿ ಕಾಯ್ದದ್ದನ್ನು ನೆನೆದವರು, ನಿಂತ ನೀರನ್ನು ಹೀಗೆ ಕಡಲಿಗೆ ಬಿಡುವುದು ಸಣ್ಣ ವಿಚಾರವೆಂದು ಹೇಳಲಾರರು.

ಅಂಕಿಗಳನ್ನು ಕಳುಹಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ಅಂಕಿಯೊಡನೆ ಅದರ ಹುಟ್ಟನ್ನೂ ಕಳುಹಿಸಬೇಕು. ರಥಬೀದಿಯಲ್ಲಿ ಕೇಳಿದ ಸುದ್ದಿಯನ್ನೇ ಕಾರ್ಕಳದ ಪೇಟೆಯಲ್ಲಿಯೂ ಕೇಳಿದಾಗ ‘ಇಬ್ಬರು ಹೇಳಿದರು, ನಿಜವಿರಬೇಕು’ ಎಂದುಕೊಳ್ಳುವುದು ಮನುಷ್ಯಸ್ವಭಾವ. ಇಬ್ಬರಿಗೂ ಹೇಳಿದವನು ಒಬ್ಬನೇ ಎಂದು ತಿಳಿದರೆ ನಗು ಬರುತ್ತದೆ. ಯಂತ್ರಗಳೂ ಹೀಗೆ ಮೋಸಹೋಗುತ್ತವೆ. ಒಂದು ಋತುವಿನಲ್ಲಿ ಅತಿ ಭಾರಿ ಮಳೆಯ ಸಾಮಾನ್ಯ ಸಂಭವನೀಯತೆ 0.1 ಎನ್ನೋಣ. ಆಗುವ, ಆಗದಿರುವ ಪಾಲುಗಳ ಪ್ರಮಾಣ 1ಕ್ಕೆ 9. ಅಂಥ ಮಳೆಯ ಮುನ್ನಾದಿನ ಎಚ್ಚರಿಕೆ ಬರುವ ಸಂಭವವು ಮಿಕ್ಕ ದಿನಗಳಿಗಿಂತ ಆರು ಪಟ್ಟು ಎಂದಾದರೆ, ಎಚ್ಚರಿಕೆಯನ್ನು ಕೇಳಿದ ಮೇಲೆ ಪ್ರಮಾಣವು 6ಕ್ಕೆ 9, ಅಂದರೆ ಸಂಭವನೀಯತೆ 0.4. ಅದೇ ಎಚ್ಚರಿಕೆಯು ಬೇರೊಂದು ಕಚೇರಿಯ ಹಣೆಚೀಟಿ ಹೊತ್ತು ಎರಡನೆಯ ಸಲ ಬಂದಿತೆನ್ನಿ. ಇದು ಬೇರೆ ಸಾಕ್ಷಿಯೆಂದು ಭ್ರಮಿಸಿದ ಯಂತ್ರವು ಮತ್ತೆ ಆರರಿಂದ ಗುಣಿಸುತ್ತದೆ: 36ಕ್ಕೆ 9, ಅಂದರೆ 0.8. ಆಕಾಶದಲ್ಲಿ ಮೋಡವೊಂದೂ ಹೆಚ್ಚದೆ ಭಯ ಮಾತ್ರ ಇಮ್ಮಡಿಯಾಯಿತು. ಎರಡು ವರದಿಗಳಿಗೂ ಮೂಲವು ಒಂದೇ ಎಂಬುದನ್ನು ಬರೆದಿಡುವ ಸ್ಥಳವು ಈ ಹೊಸ ಪದಾರ್ಥಕೋಶದಲ್ಲಿದೆ. ಬಣ್ಣದ ಚೀಟಿಯಲ್ಲಿ ಇಲ್ಲ, ಬರಿಯ ಶೇಕಡಾವಾರಿನಲ್ಲಿಯೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಪ್ರಯೋಜನವೇ ಇದು. ಇದರ ಕುರಿತಾದ ಚರ್ಚೆಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ.

ಇಷ್ಟೆಲ್ಲ ಸೂಕ್ಷ್ಮವೇಕೆ, ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು ಜನರಿಗೆ ಅರ್ಥವಾಗುತ್ತವೆ, ಅಷ್ಟೇ ಸಾಲದೆ ಎಂದು ಕೇಳುವವರಿದ್ದಾರೆ. ಜನರಿಗೆ ಸಾಕು. ಬಣ್ಣಗಳನ್ನು ತೆಗೆದುಹಾಕಬೇಕೆಂದು ನಾವು ಹೇಳುತ್ತಿಲ್ಲ. ಬಣ್ಣವು ಒಂದು ತೀರ್ಮಾನ; ಸಂಭವನೀಯತೆಯನ್ನೂ ಪರಿಣಾಮವನ್ನೂ ಕೂಡಿಸಿ ಯಾರೋ ಈಗಾಗಲೇ ಮಾಡಿಮುಗಿಸಿದ ತೀರ್ಮಾನ. ಅವರ ಮನಸ್ಸಿನಲ್ಲಿ ನಾಡದೋಣಿಯೂ ಕಿಂಡಿ ಅಣೆಕಟ್ಟೂ ಎರಡೂ ಇದ್ದಿರಲಾರವು. ಮನುಷ್ಯನಿಗೆ ಬಣ್ಣವನ್ನು ತೋರಿಸಲಿ. ಯಂತ್ರವು ಯಂತ್ರಕ್ಕೆ ಬಣ್ಣವನ್ನು ಕಳುಹಿಸುವುದು, ಸಂತೆಯಲ್ಲಿ ಸರಕಿನ ತೂಕ ಹೇಳದೆ ‘ಸಾಕಷ್ಟಿದೆ’ ಎಂದಂತೆ.

ಅಂಕಿಗಳು ಎಲ್ಲಿಂದ ಬರಬೇಕೆಂಬ ಆಕ್ಷೇಪಣೆ ಇದಕ್ಕಿಂತ ಬಲವಾದದ್ದು. ಊಹೆಯಿಂದ ಬರೆದ 0.4ಕ್ಕಿಂತ ಪ್ರಾಮಾಣಿಕವಾದ ‘ಆಗಬಹುದು’ ಮೇಲೆಂದು ಒಪ್ಪಬೇಕು. ಆದರೆ ಅಂಕಿಗೆ ಒಂದು ಗುಣವಿದೆ: ಅದನ್ನು ಪರೀಕ್ಷಿಸಬಹುದು. 0.4 ಎಂದು ಹೇಳಿದ ದಿನಗಳನ್ನೆಲ್ಲ ಒಟ್ಟು ಮಾಡಿದರೆ ಅವುಗಳಲ್ಲಿ ಹತ್ತಕ್ಕೆ ನಾಲ್ಕು ದಿನ ಮಳೆ ಬಂದಿರಬೇಕು. ಎಂಟು ದಿನ ಬಂದಿದ್ದರೂ ತಪ್ಪೇ, ಒಂದು ದಿನ ಬಂದಿದ್ದರೂ ತಪ್ಪೇ. ಗ್ಲೆನ್ ಬ್ರಯರ್ ಎಂಬ ಹವಾಮಾನ ಶಾಸ್ತ್ರಜ್ಞರು 1950ರಲ್ಲಿಯೇ ಇದಕ್ಕೆ ಸುಲಭವಾದ ಅಳತೆಯೊಂದನ್ನು ಕೊಟ್ಟಿದ್ದಾರೆ. ಮಳೆ ಬಂದ ದಿನಕ್ಕೆ 1, ಬಾರದ ದಿನಕ್ಕೆ 0 ಎಂದಿಟ್ಟುಕೊಂಡು, ಹೇಳಿದ ಸಂಭವನೀಯತೆಯನ್ನು ಅದರಿಂದ ಕಳೆದು, ವರ್ಗಮಾಡಿ, ಸರಾಸರಿ ತೆಗೆಯುವುದು. ಕಡಮೆ ಬಂದಷ್ಟೂ ಒಳ್ಳೆಯದು. ‘ಆಗಬಹುದು’ ಎಂದವನನ್ನು ಯಾವ ಅಳತೆಯಿಂದಲೂ ಹಿಡಿಯಲಾಗದು. ಮಳೆ ಬಂದರೂ ಅವನು ಸರಿ, ಬಾರದಿದ್ದರೂ ಅವನು ಸರಿ.

ಲೆಕ್ಕದ ಭಾರವೂ ನಿಜವಾದ ತೊಡಕೇ. ಬಲೆಯಲ್ಲಿ ಗಂಟುಗಳು ಹೆಚ್ಚಿದಂತೆ ನಿಖರವಾದ ಗಣನೆಯು ಅಸಾಧ್ಯವೆನ್ನುವಷ್ಟು ಬೆಳೆಯಬಲ್ಲುದೆಂದು 1990ರಲ್ಲಿ ಸಿದ್ಧಪಡಿಸಿದ್ದಾರೆ. ಇಡೀ ಲೋಕವನ್ನು ಒಂದೇ ಕೋಶದಲ್ಲಿ ಬರೆಯ ಹೊರಡುವವರಿಗೆ ಇದು ತಕ್ಕ ಎಚ್ಚರಿಕೆ. ನಾವು ಕೇಳುತ್ತಿರುವುದು ಒಂದು ಹೊಳೆ, ನಾಲ್ಕೈದು ಇಲಾಖೆ, ಕೆಲವು ಹತ್ತು ಶಬ್ದ. ಅಷ್ಟಕ್ಕೆ ಇಂದಿನ ಸಾಧಾರಣ ಗಣಕಯಂತ್ರವೂ ಸಾಕು.

ಅಂಥ ಕೋಶವು ಹಲವು ಇಲಾಖೆಗಳ ನಡುವೆ ಏಕೆ ಬೇಕೆಂಬುದನ್ನು 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ತೋರಿಸಿಕೊಟ್ಟಿತು. ಚಂಡಮಾರುತದ ಮುನ್ಸೂಚನೆ ಮುಂಚಿತವಾಗಿಯೇ ಬಂದಿತ್ತು. ಆದರೂ ಮೂಲ್ಕಿ ಕಾಪುಗಳ ಕಡೆಯ ಕಡಲಿನಲ್ಲಿ ಟಗ್ ಹಡಗೊಂದು ಬಂಡೆಗಳ ನಡುವೆ ಸಿಲುಕಿ, ಅದರಲ್ಲಿದ್ದ 9 ಮಂದಿಯನ್ನು ಮೇ 17ರಂದು ಕರಾವಳಿ ರಕ್ಷಣಾ ಪಡೆಯವರೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ರಕ್ಷಿಸಿದರು. ಅಂದು ಮುನ್ಸೂಚನೆ ಕೊಡುವವರು ಒಬ್ಬರು, ಬಂದರಿನವರು ಮತ್ತೊಬ್ಬರು, ಹೆಲಿಕಾಪ್ಟರಿನವರು ಇನ್ನೊಬ್ಬರು, ದಡದಲ್ಲಿ ಕಾಯುತ್ತಿದ್ದ ಜಿಲ್ಲಾಡಳಿತ ಬೇರೆ. ಪ್ರತಿಯೊಬ್ಬರಿಗೂ ಅವರವರ ಯೋಜನೆ, ಅವರವರ ಪರಿಭಾಷೆ. ಕೊಂಡಿಯಾಗಿದ್ದುದು ಮನುಷ್ಯರ ದೂರವಾಣಿ ಸಂಭಾಷಣೆ, ಅದು ಕೆಲಸಮಾಡಿತು. ಆ ಸಂಭಾಷಣೆಯ ಸ್ಥಾನದಲ್ಲಿ ತಂತಿಯೊಂದನ್ನು ಜೋಡಿಸುವ ಮೊದಲು, ಸಂಭಾಷಣೆಯು ತಾನಾಗಿ ಮಾಡುತ್ತಿದ್ದ ‘ಹಾಗೆಂದರೆ ಎಷ್ಟು?’, ‘ನಿಮಗೆ ಯಾರು ಹೇಳಿದರು?’ ಎಂಬ ಎರಡು ಪ್ರಶ್ನೆಗಳಿಗೆ ತಂತಿಯಲ್ಲಿಯೂ ಎಡೆಯಿದೆಯೇ ಎಂದು ನೋಡಬೇಕು.

ಆದುದರಿಂದ ಜಿಲ್ಲೆಗೆ ಯೋಜಕ ತಂತ್ರಾಂಶವನ್ನು ಯಾರೇ ಕೊಳ್ಳಲಿ, ಕೊಳ್ಳುವ ಮೊದಲು ಟೆಂಡರಿನಲ್ಲಿ ಎರಡು ಷರತ್ತುಗಳನ್ನು ಬರೆಯಬೇಕೆಂದು ನಾವು ಒತ್ತಾಯಿಸುತ್ತೇವೆ. ಯಾವ ಯಂತ್ರವೂ ಸಾಧ್ಯತೆಯನ್ನು ಶಬ್ದದಲ್ಲಿ ಮಾತ್ರ ಕಳುಹಿಸಕೂಡದು. ಅಂಕಿಯನ್ನೂ, ಆ ಅಂಕಿ ಯಾವ ಸ್ಥಳದ ಯಾವ 24 ಗಂಟೆಗಳಿಗೆ ಸಂಬಂಧಿಸಿದ್ದೆಂಬುದನ್ನೂ ಕಳುಹಿಸಬೇಕು. ಪ್ರತಿಯೊಂದು ಅಂಕಿಯೂ ತನ್ನ ಮೂಲವನ್ನು ಹೊತ್ತಿರಬೇಕು. ಇವುಗಳನ್ನು ಆಮೇಲೆ ಸೇರಿಸಬಹುದೆಂಬ ಮಾತಿಗೆ ಮರುಳಾಗಬಾರದು; ಮನೆ ಕಟ್ಟಿದ ಮೇಲೆ ಪಂಚಾಂಗ ಹಾಕಿದವರಿಲ್ಲ.

ಕೋಶವನ್ನು ಬರೆಯುವ ಕೆಲಸಕ್ಕೆ ಹೊರಗಿನವರೇ ಬರಬೇಕಾಗಿಲ್ಲ. ಮಣಿಪಾಲದ ತಾಂತ್ರಿಕ ವಿದ್ಯಾಲಯ 1957ರದು. ಕಾರ್ಕಳದ ಬಳಿಯ ನಿಟ್ಟೆಯ ತಾಂತ್ರಿಕ ವಿದ್ಯಾಲಯ 1986ರದು. ಎರಡರಲ್ಲಿಯೂ ಗಣಕವಿಜ್ಞಾನವನ್ನು ಕಲಿಯುವವರಿದ್ದಾರೆ. ನಾಡದೋಣಿಗೂ ಬೋಟಿಗೂ ಭೇದವನ್ನು ಅವರು ಕಾಪುವಿನಲ್ಲಿಯೂ ಮಲ್ಪೆಯಲ್ಲಿಯೂ ಕೇಳಿ ತಿಳಿಯಬೇಕು. ಅದು ಪುಸ್ತಕದಲ್ಲಿ ದೊರೆಯುವಂಥದಲ್ಲ. ಹೈಸ್ಕೂಲಿನ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನಗಳು. ದಿನವೂ ಜಿಲ್ಲೆಯ ಮುನ್ಸೂಚನೆಯಲ್ಲಿ ಯಾವ ಶಬ್ದ ಬಂತೆಂದು ಒಂದು ಕಾಲಮಿನಲ್ಲಿಯೂ, ಮರುದಿನ ಬೆಳಗ್ಗೆ 8.30ಕ್ಕೆ ಶಾಲೆಯ ಅಂಗಳದ ಮಳೆಮಾಪಕದಲ್ಲಿ ಎಷ್ಟು ಮಿಲಿಮೀಟರು ಎಂದು ಇನ್ನೊಂದರಲ್ಲಿಯೂ ಬರೆಯುವುದು. ಕಾರ್ಕಳದ ಒಂದು ಶಾಲೆ, ಮಣಿಪಾಲದ ಒಂದು, ಕಾಪುವಿನ ಒಂದು ಇದನ್ನು ಮಾಡಿ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಜಿಲ್ಲೆಗೆಲ್ಲ ಒಂದೇ ಆಗಿ ಬಂದ ‘ಲೈಕ್ಲಿ’ ಎಂಬ ಶಬ್ದಕ್ಕೆ ಗುಡ್ಡದಲ್ಲಿ ಎಷ್ಟು ಬೆಲೆ, ಕಡಲತಡಿಯಲ್ಲಿ ಎಷ್ಟು ಬೆಲೆ ಎಂಬುದು ಮೊದಲ ವರ್ಷವೇ ಸ್ಥೂಲವಾಗಿ ಕಾಣತೊಡಗುತ್ತದೆ.